ಕಾರವಾರದ ಸೆಕೆಯಲ್ಲಿ ವೈನ್, ಚೀಸ್: ಹೋಗುವವರಿಗೆ ಒಂದಿಷ್ಟು ಮಾತು

ಮೊದಲೇ ಹೇಳಿಬಿಡುತ್ತೇನೆ. ಕಾರವಾರದಲ್ಲಿ ವೈನ್ ಹೇಗಾದರೂ ಸಿಗುತ್ತದೆ, ಒಳ್ಳೆ ಚೀಸ್ ಸಿಗುವುದು ಕಷ್ಟ. ಸ್ಲೈಸ್, ಕ್ಯೂಬ್, ಡಬ್ಬಿ ಚೀಸ್ ಬೇಕರಿಗಳಲ್ಲಿ ಇರುತ್ತವೆ. ಆದರೆ ಅವು ಚೀಸನ್ನು ಕರಗಿಸಿ, ಉಪ್ಪು ಸೇರಿಸಿ, ಮತ್ತೆ ಅಚ್ಚು ಹೊಯ್ದವು. ಸ್ಯಾಂಡ್‌ವಿಚ್‌ಗೆ ಸಾಕು, ವೈನ್ ಜೊತೆ ಅವುಗಳಿಂದ ಏನೂ ಹೊರಡುವುದಿಲ್ಲ. ಸಮುದ್ರದ ಎದುರು ಕೂತು ಒಂದು ಸಂಜೆ ವೈನ್, ಚೀಸ್ ಎರಡನ್ನೂ ಸರಿಯಾಗಿ ರುಚಿ ನೋಡಬೇಕು ಅಂತಿದ್ದರೆ ಚೀಸ್ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಕಟ್ಟಿಕೊಂಡೇ ಹೊರಡಿ.

ನಾವು ಹೋಗಿದ್ದು ಡಿಸೆಂಬರ್‌ನಲ್ಲಿ. ಬೆಂಗಳೂರಿನಿಂದ ನಾನು, ಹೆಂಡತಿ. ಶಿರಸಿಯಲ್ಲಿ ಅಕ್ಕ, ಭಾವ ಕಾರು ಹತ್ತಿದರು. ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಆಮೇಲೆ ಹೆದ್ದಾರಿ ಹಿಡಿದು ಅಂಕೋಲಾ, ಕಾರವಾರ. ನವೆಂಬರ್‌ನಿಂದ ಫೆಬ್ರವರಿವರೆಗೆ ಈ ಪ್ರವಾಸಕ್ಕೆ ಹದವಾದ ಕಾಲ. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗುವುದುಂಟು, ಹೊರಡುವ ಮುಂಚೆ ಯಾರಿಗಾದರೂ ಫೋನ್ ಮಾಡಿ ವಿಚಾರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಚೀಸ್ ಆಸೆ ಬಿಟ್ಟುಬಿಡಿ. ಆ ಸೆಕೆಯಲ್ಲಿ ಎಳನೀರೇ ಸರಿ.

ಎಷ್ಟು ಚೀಸ್ ಬೇಕು? ನಾಲ್ಕು ಜನಕ್ಕೆ ಮೂರು ಬಗೆ, ಒಂದೊಂದೂ ನೂರು ನೂರೈವತ್ತು ಗ್ರಾಂ ಇದ್ದರೆ ಧಾರಾಳ. ಮೂರೂ ಬೇರೆ ಬೇರೆ ಜಾತಿಯವು ಇರಲಿ. ಒಂದು ಹುಳಿ ಇರುವ ತಾಜಾ ಚೀಸ್, ಅಂದರೆ ಫೆಟಾ ಅಥವಾ ಮೇಕೆ ಹಾಲಿನದು. ಒಂದು ಮೆತ್ತಗಿನದು, ಮೇಲೆ ಬಿಳಿ ಬೂಸ್ಟಿನ ಸಿಪ್ಪೆ ಇರುವ ಬ್ರೀ ಅಥವಾ ಕ್ಯಾಮೊಂಬೆರ್. ಒಂದು ಗಟ್ಟಿ, ಚೆಡ್ಡರ್ ಅಥವಾ ಗೌಡಾ. ಧೈರ್ಯ ಇದ್ದರೆ ಸಣ್ಣ ತುಂಡು ಬ್ಲೂ ಚೀಸ್, ಅಂದರೆ ಒಳಗೆಲ್ಲ ನೀಲಿ ಬೂಸ್ಟಿನ ಗೆರೆ ಇರುವ ಘಾಟು ಚೀಸ್. ವಿದೇಶದ್ದೇ ಆಗಬೇಕು ಅಂತೇನಿಲ್ಲ. ಬೆಂಗಳೂರಿನಲ್ಲೇ ಬೇಗಂ ವಿಕ್ಟೋರಿಯಾದವರು ಮಾಡುತ್ತಾರೆ, ಬೆನೆಡಿಕ್ಟೈನ್ ಸನ್ಯಾಸಿಗಳು ವಲ್ಲೊಂಬ್ರೋಸಾ ಹೆಸರಿನಲ್ಲಿ ಇಟಲಿ ಮಾದರಿಯ ಚೀಸ್ ಮಾಡುತ್ತಾರೆ. ಆರೋವಿಲ್ಲಿನ ಚೀಸ್ ಕೂಡ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ.

ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿಯೇ ತಗೊಳ್ಳಿ. ಹಾಲು ಒಡೆಯಲು ಬಳಸುವ ರೆನೆಟ್ ಕೆಲವು ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದದ್ದಾಗಿರುತ್ತದೆ. ಇಟಲಿಯ ಅಸಲಿ ಪಾರ್ಮಿಜಾನೋ ರೆಜಾನೋ ಅಂತೂ ಅದಿಲ್ಲದೆ ಆಗುವುದೇ ಇಲ್ಲ. ನಮ್ಮಲ್ಲಿ ಮಾಡುವವರು ಹೆಚ್ಚಾಗಿ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸುತ್ತಾರೆ. ಅಕ್ಕ ಮೊದಲು ಕೇಳಿದ್ದೇ ಇದನ್ನು. ಚುಕ್ಕೆ ತೋರಿಸಿದ ಮೇಲೇ ಕೈ ಹಾಕಿದ್ದು.

ಕಟ್ಟುವ ಕ್ರಮ ಹೀಗೆ. ಚೀಸನ್ನು ಬಟರ್ ಪೇಪರ್‌ನಲ್ಲಿ ಸುತ್ತಿ, ಆಮೇಲೆ ಡಬ್ಬಿಗೆ ಹಾಕಿ. ಡಬ್ಬಿಯನ್ನು ಐಸ್ ಬಾಕ್ಸಿನಲ್ಲಿಟ್ಟು, ಸುತ್ತ ಜೆಲ್ ಪ್ಯಾಕ್ ಇಡಿ. ಬರೀ ಐಸ್ ಹಾಕಿದರೆ ಕರಗಿ ನೀರಾಗಿ ಚೀಸ್ ಒದ್ದೆಯಾಗುತ್ತದೆ. ಫ್ರೀಜರಿನಲ್ಲಿ ಕಲ್ಲು ಮಾಡಿ ಒಯ್ಯುವ ಉಪಾಯ ಬೇಡ, ಕರಗಿದ ಮೇಲೆ ಪುಡಿಪುಡಿಯಾಗುತ್ತದೆ. ಬಾಕ್ಸ್ ಡಿಕ್ಕಿಯಲ್ಲಿ ಬೇಡ, ಎಸಿ ತಾಗುವ ಕಡೆ, ಸೀಟಿನ ಕೆಳಗೆ ಇರಲಿ.

ಶಿರಸಿಯಲ್ಲಿ ಉಳಿಯುವುದಾದರೆ ಒಂದು ಮಾತು. ಅಲ್ಲಿನ ತೋಟದ ಮನೆಗಳ ಹೋಂಸ್ಟೇಗಳಲ್ಲಿ ಎಷ್ಟೋ ಕಡೆ ಮದ್ಯ, ಮಾಂಸ ಎರಡೂ ನಡೆಯುವುದಿಲ್ಲ. ಮನೆಯವರು ಬಾಯಿ ಬಿಟ್ಟು ಹೇಳದೆಯೂ ಇರಬಹುದು, ಬುಕ್ ಮಾಡುವಾಗ ನಾವೇ ಕೇಳಿಕೊಳ್ಳುವುದು ಮರ್ಯಾದೆ. ಶಿರಸಿಯಲ್ಲಿ ನಿಮ್ಮ ಕೆಲಸ ಬೇರೆ ಇದೆ. ಪೇಟೆಯಲ್ಲಿ ಒಂದು ಬಾಟಲಿ ಒಳ್ಳೆ ಜೇನುತುಪ್ಪ ತಗೊಳ್ಳಿ. ಜೋನಿ ಬೆಲ್ಲ, ಅಂದರೆ ನೀರಾಗಿರುವ ಬೆಲ್ಲ, ಸಿಕ್ಕರೆ ಅದನ್ನೂ. ಕುಮಟಾ, ಅಂಕೋಲಾ ಕಡೆ ಗೇರುಬೀಜ, ಹುರಿದದ್ದು, ಉಪ್ಪು ಖಾರ ಹಾಕದ್ದು. ಇವೆಲ್ಲ ಚೀಸ್ ತಟ್ಟೆಗೆ. ಅಪ್ಪೆಮಿಡಿ ಉಪ್ಪಿನಕಾಯಿ ಮನೆಗೆ ಒಯ್ಯಿರಿ, ಆದರೆ ಆ ತಟ್ಟೆಯ ಹತ್ತಿರ ಮಾತ್ರ ತರಬೇಡಿ. ಅದರ ಹುಳಿ, ಖಾರದ ಮುಂದೆ ಯಾವ ವೈನೂ ನಿಲ್ಲುವುದಿಲ್ಲ.

ಇನ್ನು ವೈನ್ ಕೊಳ್ಳುವುದು. ನಮ್ಮ ಊರುಗಳ ವೈನ್ ಶಾಪಿನಲ್ಲಿ ವೈನ್ ಕೇಳಿದರೆ ಅಂಗಡಿಯವರು ಒಮ್ಮೆ ಮುಖ ನೋಡುತ್ತಾರೆ, ಅಲ್ವಾ? ವಿಸ್ಕಿ, ರಮ್ಮು, ಬಿಯರ್ ನಡುವೆ ಮೂಲೆಯಲ್ಲಿ ನಾಲ್ಕಾರು ಬಾಟಲಿ ನಿಂತಿರುತ್ತವೆ. ಲೇಬಲ್‌ಗಿಂತ ಮೊದಲು ಅವು ಎಲ್ಲಿ ನಿಂತಿವೆ ನೋಡಿ. ಬಿಸಿಲು ಬೀಳುವ ಶೋಕೇಸಿನಲ್ಲಿ, ಬಲ್ಬಿನ ಬುಡದಲ್ಲಿ ತಿಂಗಳುಗಟ್ಟಲೆ ಇದ್ದದ್ದು ಬೇಡ. ಕರಾವಳಿಯ ಸೆಕೆಗೆ ವೈನ್ ಬೇಗ ಸಾಯುತ್ತದೆ. ಫ್ರಿಜ್ಜಿನಲ್ಲಿ ಇರುವುದನ್ನು ಕೇಳಿ. ಇಲ್ಲವಾದರೆ ಬೆಂಗಳೂರಿನಲ್ಲೇ ಕೊಂಡು, ಬಿಲ್ ಜೊತೆಗಿಟ್ಟುಕೊಂಡು ಬನ್ನಿ.

ಬಾಟಲಿಯ ಮೇಲೆ ದ್ರಾಕ್ಷಿ ಜಾತಿಯ ಹೆಸರು ಬರೆದಿರುತ್ತದೆ. ಹೊಸಬರು ನೋಡಬೇಕಾದ್ದು ಅದನ್ನೇ. ಶೆನಿನ್ ಬ್ಲಾಂ, ಸಾವಿನ್ಯೋನ್ ಬ್ಲಾಂ ಎರಡೂ ಬಿಳಿ. ಶಿರಾಜ್, ಕ್ಯಾಬರ್ನೆ ಸಾವಿನ್ಯೋನ್ ಎರಡೂ ಕೆಂಪು. ನಾಸಿಕದ ಸುಲಾ, ನಮ್ಮ ದೊಡ್ಡಬಳ್ಳಾಪುರದ ಗ್ರೋವರ್, ಹಂಪಿ ಕಡೆಯ ಕೃಷ್ಮಾ, ಎಲ್ಲರೂ ಇವುಗಳಲ್ಲಿ ಕೆಲವನ್ನಾದರೂ ಬೆಳೆಯುತ್ತಾರೆ. ನಮ್ಮ ದೇಶದ ಸಾಧಾರಣ ಬಾಟಲಿ ಸಾವಿರ ರೂಪಾಯಿ ಆಚೀಚೆ ಬರುತ್ತದೆ. ಶುರುವಿಗೆ ಅದಕ್ಕಿಂತ ಜಾಸ್ತಿ ಖರ್ಚು ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಬಿಳಿ ವೈನ್ ಆದರೆ ಇತ್ತೀಚಿನ ವರ್ಷದ್ದೇ ಇರಲಿ. ಹಳೆಯದಾದಷ್ಟೂ ಒಳ್ಳೇದು ಅನ್ನುವುದು ಎಲ್ಲಾ ವೈನಿಗೂ ಹೊಂದುವುದಿಲ್ಲ. 750 ಮಿಲಿಯ ಬಾಟಲಿಯಲ್ಲಿ 150 ಮಿಲಿಯಂತೆ ಐದು ಗ್ಲಾಸ್. ಇಬ್ಬರೇ ಇದ್ದರೆ 375 ಮಿಲಿಯ ಅರ್ಧ ಬಾಟಲಿ ಕೇಳಿ. ಬೂಚಿನ ಬಾಟಲಿ ತಂದರೆ ಬೂಚು ತೆಗೆಯುವ ತಿರುಪು ಬೇಕು, ಹೋಂಸ್ಟೇಯಲ್ಲಿ ಇರುವುದಿಲ್ಲ. ತಿರುಗಿಸುವ ಮುಚ್ಚಳದ್ದೇ ತಗೊಂಡರೆ ರಗಳೆ ಇಲ್ಲ. ಗುಣದಲ್ಲಿ ಅದೇನೂ ಕಡಿಮೆಯದಲ್ಲ.

ಕೆಂಪಿಗೂ ಬಿಳಿಗೂ ವ್ಯತ್ಯಾಸ ಏನು ಅಂತ ಭಾವ ದಾರಿಯುದ್ದಕ್ಕೂ ಕೇಳುತ್ತಿದ್ದರು. ಬಿಳಿ ವೈನಿಗೆ ದ್ರಾಕ್ಷಿ ಹಿಂಡಿ, ಸಿಪ್ಪೆ ಬೀಜ ತೆಗೆದು, ಬರೀ ರಸವನ್ನು ಹುಳಿ ಬರಿಸುತ್ತಾರೆ. ಕೆಂಪಿಗೆ ಕಪ್ಪು ದ್ರಾಕ್ಷಿಯನ್ನು ಸಿಪ್ಪೆ, ಬೀಜದ ಸಮೇತ ಬಿಡುತ್ತಾರೆ. ಬಣ್ಣವೂ ಒಗರೂ ಅದರಿಂದಲೇ ಬರುವುದು. ಸಿಪ್ಪೆ ಕೆಲವೇ ಗಂಟೆ ಇದ್ದರೆ ಗುಲಾಬಿ ಬಣ್ಣದ ರೋಸೇ ವೈನ್. ಆ ಒಗರಿಗೆ ಕಾರಣ ಟ್ಯಾನಿನ್. ಹೇಳಿ ಅರ್ಥ ಮಾಡಿಸುವುದು ಕಷ್ಟ ಅಂದುಕೊಂಡಿದ್ದೆ. ಕಾರವಾರದಲ್ಲಿ ಶಿರಾಜ್ ಒಂದು ಗುಟುಕು ಬಾಯಿಗೆ ಹಾಕಿಕೊಂಡ ಭಾವ ಅಂದಿದ್ದು ಇಷ್ಟೇ: "ಇದೆಂತದ ಮಾರಾಯಾ, ಚೊಗರು ಕುಡದಾಂಗೆ ಇದ್ದಲಾ!" ಅಡಿಕೆ ಬೇಯಿಸಿದವರಿಗೆ ಚೊಗರು ಗೊತ್ತು. ಹಸಿ ಅಡಿಕೆ ಬೆಂದ ನೀರಿನಲ್ಲಿ ಇಳಿಯುವುದೂ ಟ್ಯಾನಿನ್ನೇ. ನಾಲಿಗೆ, ಒಸಡು ಒಣಗಿ ಹಿಡಿದುಕೊಳ್ಳುತ್ತದೆ. ಅದೇ ಹಿಡಿತವನ್ನು ಗಟ್ಟಿ ಚೀಸಿನ ಜಿಡ್ಡು ಸಡಿಲಿಸುತ್ತದೆ. ಕೆಂಪು ವೈನ್, ಚೆಡ್ಡರ್ ಜೋಡಿಯ ಗುಟ್ಟು ಇಷ್ಟೇ.

ಈಗ ನಿಜವಾದ ತೊಡಕಿಗೆ ಬರುತ್ತೇನೆ: ಸೆಕೆ. ಕೆಂಪು ವೈನನ್ನು ಕೋಣೆಯ ತಾಪಮಾನದಲ್ಲಿ ಕುಡಿಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದು ಯುರೋಪಿನ ತಣ್ಣಗಿನ ಕೋಣೆ, 16ರಿಂದ 18 ಡಿಗ್ರಿ. ಕಾರವಾರದ ಕೋಣೆ ಡಿಸೆಂಬರ್‌ನಲ್ಲೂ ಮಧ್ಯಾಹ್ನ 30 ಡಿಗ್ರಿ ಮುಟ್ಟುತ್ತದೆ. ಆ ಬಿಸಿಯಲ್ಲಿ ಕೆಂಪು ವೈನ್ ಬರೀ ಘಾಟು ಹೊಡೆಯುತ್ತದೆ. ಹಾಗಾಗಿ ಕೆಂಪನ್ನೂ ಫ್ರಿಜ್ಜಿನಲ್ಲಿ ಮುಕ್ಕಾಲು ಗಂಟೆ ಇಡಿ. ಬಿಳಿಗೆ ಎರಡು ಮೂರು ಗಂಟೆ ಬೇಕು, 8ರಿಂದ 12 ಡಿಗ್ರಿ ಅದಕ್ಕೆ ಸರಿ. ಅವಸರ ಇದ್ದರೆ ಬಕೆಟ್ಟಿಗೆ ಐಸ್, ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿ ಮುಳುಗಿಸಿ. ಕಾಲು ಗಂಟೆಯಲ್ಲಿ ತಣ್ಣಗಾಗುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಗದ್ದೆಗಳಲ್ಲಿ ಉಪ್ಪು ರಾಶಿ ಬಿದ್ದಿರುತ್ತದೆ, ನಾವು ಅಲ್ಲಿಂದ ತಂದದ್ದನ್ನೇ ಸುರಿದೆವು. ಐಸ್ ಮಾತ್ರ ಮೀನು ಪೇಟೆಯದ್ದು ಬೇಡ, ಕಾರಣ ಹೇಳಬೇಕಾಗಿಲ್ಲ. ಗ್ಲಾಸಿಗೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹಾಕಬೇಡಿ. ಪರಿಮಳಕ್ಕೆ ಜಾಗ ಬೇಕು, ಜೊತೆಗೆ ಕುಡಿದು ಮುಗಿಯುವ ಮೊದಲೇ ಬಿಸಿಯಾಗುವುದೂ ತಪ್ಪುತ್ತದೆ.

ಚೀಸಿನ ಲೆಕ್ಕ ಇದಕ್ಕೆ ಉಲ್ಟಾ. ಫ್ರಿಜ್ಜಿನಿಂದ ತೆಗೆದ ಕೂಡಲೇ ಅದಕ್ಕೆ ರುಚಿಯೇ ಇರುವುದಿಲ್ಲ. ತಂಪು ದೇಶಗಳಲ್ಲಿ ಒಂದು ಗಂಟೆ ಹೊರಗಿಡುತ್ತಾರೆ. ಇಲ್ಲಿ ಹದಿನೈದು ನಿಮಿಷ ಸಾಕು. ನಮ್ಮ ಬ್ರೀ ಇಪ್ಪತ್ತೇ ನಿಮಿಷದಲ್ಲಿ ಬಿಳಿ ಸಿಪ್ಪೆಯ ಒಳಗಿಂದ ಮೆಲ್ಲಗೆ ಜಾರಿ ತಟ್ಟೆಗೆ ಹರಡಿತು. ಚೆಡ್ಡರಿನ ಮೈಮೇಲೆ ಎಣ್ಣೆಯ ಸಣ್ಣ ಹನಿಗಳು ಎದ್ದವು. ಬ್ರೀ ಹಾಗೆ ಹರಿದರೆ ಚಿಂತೆ ಇಲ್ಲ, ರುಚಿ ಆಗಲೇ ಬರುವುದು. ಚೆಡ್ಡರ್ ಬೆವರಿದರೆ ಮಾತ್ರ ತಕ್ಷಣ ಒಳಗಿಡಿ. ಸ್ವಲ್ಪ ಸ್ವಲ್ಪವೇ ಕೊಯ್ದು ತರುವುದು ಎಲ್ಲಕ್ಕಿಂತ ಒಳ್ಳೇದು. ಬ್ರೀಯ ಬಿಳಿ ಸಿಪ್ಪೆ ತಿನ್ನುವಂಥದ್ದೇ. ಗೌಡಾ ಸುತ್ತಲಿನ ಮೇಣ ತಿನ್ನುವಂಥದ್ದಲ್ಲ.

ಯಾವುದರ ಜೊತೆ ಯಾವುದು? ಚೀಸಿಗೆ ಕೆಂಪೇ ಬೇಕು ಅನ್ನುವ ಮಾತು ಎಲ್ಲ ಕಡೆ ಇದೆ. ನಾನು ಒಪ್ಪುವುದಿಲ್ಲ, ಅದರಲ್ಲೂ ಕರಾವಳಿಯಲ್ಲಿ. ಬ್ರೀ ತಿಂದು ಶಿರಾಜ್ ಕುಡಿದು ನೋಡಿ, ಬಾಯಿ ಕಹಿಯಾಗುತ್ತದೆ. ಅದೇ ಬ್ರೀಗೆ ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್ ಹಾಕಿ, ಜಿಡ್ಡೆಲ್ಲ ತೊಳೆದಂತಾಗಿ ಮತ್ತೊಂದು ತುತ್ತು ಬೇಕು ಅನಿಸುತ್ತದೆ. ಮೇಕೆ ಚೀಸ್, ಫೆಟಾಗಳಿಗೆ ಸಾವಿನ್ಯೋನ್ ಬ್ಲಾಂ. ಹುಳಿಗೆ ಹುಳಿ ಸೇರಿ ಎರಡೂ ಹದಕ್ಕೆ ಬರುತ್ತವೆ. ಫ್ರಾನ್ಸಿನ ಲ್ವಾರ್ ಕಣಿವೆಯಲ್ಲಿ ಈ ಜೋಡಿ ಹಳೆಯದು. ಗೌಡಾ, ಚೆಡ್ಡರ್ ಸಿಕ್ಕಾಗ ಕೆಂಪು ತೆರೆಯಿರಿ. ಬ್ಲೂ ಚೀಸ್‌ಗೆ ಸಿಹಿ ವೈನ್ ಬೇಕು, ಉಪ್ಪಿಗೆ ಸಿಹಿ. ಸಿಹಿ ವೈನ್ ಇಲ್ಲದಿದ್ದರೆ ಬ್ಲೂ ಚೀಸಿನ ಮೇಲೆ ಶಿರಸಿಯ ಜೇನು ಎರಡು ಹನಿ, ಪಕ್ಕದಲ್ಲಿ ಗೇರುಬೀಜ. ಬ್ಲೂ ಚೀಸಿನ ವಾಸನೆಗೇ ಎದ್ದು ಹೋಗಿದ್ದ ಅಕ್ಕ ಇದಕ್ಕೆ ವಾಪಸ್ ಬಂದು ಕೂತಳು. ಒಂದೇ ಬಾಟಲಿ ತರುವವರು ಶೆನಿನ್ ಬ್ಲಾಂ ತನ್ನಿ. ತುಸು ಸಿಹಿ, ತುಸು ಹುಳಿ ಇರುವುದರಿಂದ ಎಲ್ಲದರ ಜೊತೆಗೂ ಜಗಳವಿಲ್ಲದೆ ಹೋಗುತ್ತದೆ.

ಕಾರವಾರಕ್ಕೆ ಹೋಗಿ ಮೀನು ತಿನ್ನದೆ ಬರುವವರು ಕಡಿಮೆ. ಚೀಸ್ ತಟ್ಟೆ ಎತ್ತಿದ ಮೇಲೆ ಮೀನು ತರಿಸಿ, ಎರಡನ್ನೂ ಒಟ್ಟಿಗೆ ಬೇಡ. ಇಸ್ವಣದ ರವಾ ಫ್ರೈ, ಸಿಗಡಿ ಇವಕ್ಕೆ ಅದೇ ಶೆನಿನ್ ಬ್ಲಾಂ. ಬಂಗುಡೆಯಂಥ ಎಣ್ಣೆ ಮೀನಿನ ಜೊತೆ ಕೆಂಪು ಮಾತ್ರ ಬೇಡವೇ ಬೇಡ. ವೈನಿನಲ್ಲಿರುವ ಕಬ್ಬಿಣದ ಅಂಶವೇ ಬಾಯಲ್ಲಿ ಹಸಿ ಮೀನಿನ ವಾಸನೆ ಎಬ್ಬಿಸುತ್ತದೆ ಅಂತ ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಖಾರದ ಸಾರಿಗೂ ಅಷ್ಟೇ, ಆಲ್ಕೋಹಾಲ್ ಹೆಚ್ಚಿದಷ್ಟೂ ಉರಿ ಹೆಚ್ಚು.

ಗೋವಾ ಪಕ್ಕದಲ್ಲೇ ಇದೆ. ಅಲ್ಲಿನ ಸಿಹಿ ಪೋರ್ಟ್ ವೈನ್ ಅಗ್ಗ, ಬ್ಲೂ ಚೀಸ್‌ಗೆ ಚೆನ್ನಾಗಿ ಹೊಂದುತ್ತದೆ ಕೂಡ. ಪೋರ್ಚುಗಲ್‌ನ ದೋರೂ ಕಣಿವೆಯ ಪೋರ್ಟ್‌ಗೆ ಅರ್ಧದಲ್ಲೇ ಬ್ರಾಂಡಿ ಸೇರಿಸಿ ಹುಳಿಯುವುದನ್ನು ನಿಲ್ಲಿಸುತ್ತಾರೆ, ಅದರ ದಾರಿಯೇ ಬೇರೆ. ಗೋವಾದ್ದನ್ನು ಗೋವಾದಲ್ಲೇ ಕುಡಿಯಿರಿ. ಗಡಿ ದಾಟಿಸಿ ತರುವುದು ಕಾನೂನಿಗೆ ವಿರುದ್ಧ, ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸುತ್ತಾರೆ. ನಾಲ್ಕು ಬಾಟಲಿ ಉಳಿತಾಯಕ್ಕೆ ಪ್ರವಾಸ ಹಾಳು ಮಾಡಿಕೊಳ್ಳುವುದು ಯಾಕೆ?

ಬೀಚಿನ ಮರಳಿನ ಮೇಲೆ ಬಾಟಲಿ ತೆರೆಯಬೇಡಿ. ಪೊಲೀಸರ ಮಾತು ಹಾಗಿರಲಿ, ಒಡೆದ ಗಾಜಿನ ಮೇಲೆ ಬೆಳಿಗ್ಗೆ ಬಲೆ ಎಳೆಯುವವರು ಬರಿಗಾಲಲ್ಲಿ ನಡೆಯುತ್ತಾರೆ. ಹೋಂಸ್ಟೇಯ ಜಗಲಿ ಸಾಕು. ಕುಡಿದ ಮೇಲೆ ನೀರಿಗೆ ಇಳಿಯುವುದೂ ಬೇಡ, ಸ್ಟೇರಿಂಗ್ ಹಿಡಿಯುವುದೂ ಬೇಡ. ನಮ್ಮಲ್ಲಿ ಆ ಸಂಜೆ ಅಕ್ಕ ಚೀಸ್ ಮಾತ್ರ ತಿಂದಳು, ಕಾರಿನ ಕೀ ಅವಳ ಹತ್ತಿರವೇ ಇತ್ತು. ಅಕ್ಟೋಬರ್ 2, ಚುನಾವಣೆ ದಿನಗಳಲ್ಲಿ ಅಂಗಡಿ ಮುಚ್ಚಿರುತ್ತದೆ, ತಾರೀಕು ನೋಡಿಕೊಂಡು ಹೊರಡಿ.

ತೆರೆದ ವೈನ್ ಉಳಿದರೆ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಡಿ, ಮೂರು ದಿನಕ್ಕೆ ಮೋಸವಿಲ್ಲ. ಉಳಿದ ಚೀಸನ್ನು ಮತ್ತೆ ಐಸ್ ಬಾಕ್ಸಿಗೆ ತುಂಬಿ ವಾಪಸ್ ತರುವ ಆಸೆ ಬೇಡ. ಫೆಟಾ, ಬ್ರೀ ಅಲ್ಲೇ ಮುಗಿಸಿ. ಗಟ್ಟಿ ಚೀಸ್ ಒಂದೇ ಘಟ್ಟ ಹತ್ತಿ ಊರು ಸೇರುವಷ್ಟು ಗಟ್ಟಿ. ನಮ್ಮದು ಅಷ್ಟು ದೂರವೂ ಬರಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಹೋಂಸ್ಟೇಯವರ ಅಡುಗೆಮನೆಯಲ್ಲಿ ಚೆಡ್ಡರ್ ತುರಿದು ದೋಸೆ ಮೇಲೆ ಉದುರಿಸಿದಳು, ಭಾವ ಮೂರನೆಯದಕ್ಕೂ ತಟ್ಟೆ ಚಾಚಿದರು.