ಅಪ್ಪಯ್ಯನ ಏಕಾದಶಿ
ಮೊನ್ನೆ ಏಕಾದಶಿ ದಿನ ತೀರ್ಥಹಳ್ಳಿ ಮನೇಲಿ ಅಪ್ಪಯ್ಯ ಶುಗರ್ ಮಾತ್ರೆ ಮಾತ್ರ ಟೈಮಿಗೆ ಸರಿಯಾಗಿ ನುಂಗಿ, ಹೊಟ್ಟೆಗೆ ಏನೂ ಹಾಕ್ದೆ ಆ ಮಳೇಲೇ ತೋಟಕ್ಕೆ ಹೋಗಿ, ಹನ್ನೊಂದು ಗಂಟೆಗೆ ವಾಪಸ್ ಬಂದು ಜಗಲೀಲಿ ಕೂತು ನನ್ನನ್ನೇ ನೋಡಿ "ನೀನು ಯಾರ ಪೈಕಿ ಮಾರಾಯ" ಅಂದ್ರು. ನಾನು ಸ್ಟ್ರೋಕೇ ಅಂದ್ಕೊಂಡೆ. ಅಮ್ಮ ಬೆರಳು ಚುಚ್ಚಿ ನೋಡಿದ್ರೆ 52! 70ಕ್ಕಿಂತ ಕೆಳಗೆ ಬಂದ್ರೇನೇ ಲೋ ಶುಗರ್ ಅಂತೆ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ 15 ನಿಮಿಷ ಬಿಟ್ಟು ನೋಡಿದ್ರೆ 88, ಆಮೇಲೆ ಎರಡು ಕಡುಬು. ಏಕಾದಶಿ ಮುರಿದ್ರಿ ಅಂತ ಇನ್ನೂ ಗೊಣಗ್ತಿದಾರೆ.

ಡಾಕ್ಟ್ರು ಹೇಳಿದ್ದು ಕೇಳಿ ತಲೆ ಬಿಸಿ ಆಯ್ತು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರದ ಮಾತ್ರೆ ನಾವು ಊಟ ಮಾಡಿದ್ರೂ ಬಿಟ್ರೂ ಶುಗರ್ ಇಳ್ಸೋ ಇನ್ಸುಲಿನ್ ಹಿಂಡ್ತಾನೇ ಇರುತ್ತಂತೆ, ವಯಸ್ಸಾಗಿ ಕಿಡ್ನಿ ನಿಧಾನ ಆದ್ರೆ ಔಷಧಿ ಮೈಯಲ್ಲೇ ಉಳ್ಕೊಳುತ್ತೆ. ಮೆಟ್‌ಫಾರ್ಮಿನ್ ಒಂದೇ ಆದ್ರೆ ಈ ಕಾಟ ಅಪರೂಪ. ಅದ್ರ ಮೇಲೆ ಬಿಪಿಗೆ ಅಂತ ಬೀಟಾ ಬ್ಲಾಕರ್ ಬೇರೆ, ಅದು ಕೈ ನಡುಕ, ಎದೆ ಢವಢವ ಎಲ್ಲ ಮುಚ್ಚಿಹಾಕುತ್ತೆ, ಬೆವರು ಮಾತ್ರ ಬರುತ್ತೆ, ಆ ಬೆವರನ್ನ ನಾವು ಮಳೆ ನೀರು ಅಂದ್ಕೊಂಡಿದ್ವಿ.

ಈಗ ಡೋಸ್ ಇಳ್ಸಿದಾರೆ, ಈ ವಯಸ್ಸಿಗೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ರಕ್ತ ಪರೀಕ್ಷೆ) 8ರ ಹತ್ರ ಇದ್ರೂ ಪರವಾಗಿಲ್ಲ ಅಂದ್ರು. ಇಷ್ಟು ವರ್ಷ ಅವ್ರಿಂದ ಹೋಳಿಗೆ ಬಚ್ಚಿಟ್ಟ ನಾನೇ ಈಗ ತೋಟದ ಅಂಗಿ ಜೇಬಿಗೆ ಗ್ಲೂಕೋಸ್ ಪೊಟ್ಟಣ ಹಾಕ್ತೀನಿ. ಇವತ್ತು ಚೆಕ್ ಮಾಡಿದ್ರೆ ಅದ್ರಲ್ಲಿ ಅಡಿಕೆ ಹೋಳು.