ಕೆರೆ ನೀರಿನ ಮೀಟರ್, ಲಾಗ್ 7: ಆ ಹಾಳು 40 ಮಿಲಿವೋಲ್ಟ್ ಸಿಕ್ಕಿಬಿತ್ತು

ಸಿಕ್ಕಿಬಿತ್ತು. 26 ದಿನ ಹಿಡಿಯಿತು, ಆದರೂ ಸಿಕ್ಕಿಬಿತ್ತು.

ನಿನ್ನೆ ರಾತ್ರಿ ಹನ್ನೊಂದೂಕಾಲು. ಬೋರ್ಡಿನ ಹತ್ತಿರ ಮುಖ ತಂದು, ಕನ್ನಡಕ ಒರೆಸುವಾಗ ಊದುತ್ತೇವಲ್ಲ, ಹಾಗೆ "ಹಾ" ಅಂತ ಊದಿದೆ. ಮಲ್ಟಿಮೀಟರಿನಲ್ಲಿ 38 ಇದ್ದದ್ದು 180 ಮಿಲಿವೋಲ್ಟಿಗೆ ಹಾರಿತು. ಮೂರು ನಿಮಿಷ ಬಿಟ್ಟರೆ ಮತ್ತೆ 38. ಇನ್ನೊಂದು ಸಲ ಊದಿದೆ, 175. ರೂಮ್‌ಮೇಟ್ ನಿದ್ದೆಗಣ್ಣಲ್ಲಿ ಎದ್ದು ನೋಡಿದ. ನಾನು ಸರ್ಕ್ಯೂಟಿಗೆ ಉಸಿರು ಊದಿ ಊದಿ ಒಬ್ಬನೇ ನಗುತ್ತಿದ್ದೆ. "ಪಿಎಚ್‌ಡಿ ಐದನೇ ವರ್ಷ ಅಲ್ವಾ, ಆಗುತ್ತೆ" ಅಂತ ಹೇಳಿ ಮಗ್ಗುಲು ಬದಲಿಸಿದ.

ಹಿಂದಿನ ಲಾಗ್ ಓದದವರಿಗೆ ಎರಡು ಮಾತು. ಇದು ಕೆರೆ ನೀರಿನಲ್ಲಿ ಪಾಚಿ ಎಷ್ಟಿದೆ ಅಂತ ನೋಡುವ ಡಬ್ಬಿ. 450 ನ್ಯಾನೋಮೀಟರಿನ ನೀಲಿ ಎಲ್‌ಇಡಿ ಬೆಳಕು ಬಿದ್ದರೆ ಪಾಚಿಯ ಕ್ಲೋರೋಫಿಲ್ 680ರ ಆಸುಪಾಸಿನಲ್ಲಿ ಕೆಂಪಗೆ ಹೊಳೆಯುತ್ತದೆ. ಆ ಕೆಂಪನ್ನು ಫಿಲ್ಟರ್ ಹಿಂದೆ ಕೂತ ಬಿಪಿಡಬ್ಲ್ಯೂ34 ಫೋಟೋಡಯೋಡ್ ಹಿಡಿದು ಕರೆಂಟು ಮಾಡುತ್ತದೆ. ಬರುವ ಕರೆಂಟು ಒಂದೆರಡು ನ್ಯಾನೋಆಂಪ್ ಅಷ್ಟೇ. ಅದನ್ನು ಅಳೆಯುವಷ್ಟು ವೋಲ್ಟೇಜ್ ಮಾಡಲು ಎಲ್‌ಎಂಸಿ6482 ಅನ್ನುವ ಆಂಪ್ಲಿಫೈಯರ್ ಐಸಿ, ಫೀಡ್‌ಬ್ಯಾಕಿಗೆ 10 ಮೆಗಾಓಮ್ ರೆಸಿಸ್ಟರ್, ಅದರ ಮೇಲೆ 10 ಪಿಕೋಫ್ಯಾರಡ್ ಕೆಪಾಸಿಟರ್. ಅಂದರೆ 1 ನ್ಯಾನೋಆಂಪಿಗೆ 10 ಮಿಲಿವೋಲ್ಟ್. ಡಬ್ಬಿ ಕೊರೆದದ್ದು, ಒಳಗೆ ಕಪ್ಪು ಬಳಿದದ್ದು ಎಲ್ಲ ಹಿಂದಿನ ಲಾಗ್‌ಗಳಲ್ಲಿದೆ, ಬಿಡಿ.

ತೊಂದರೆ ಏನೆಂದರೆ, ಎಲ್‌ಇಡಿ ಆರಿಸಿ ಮುಚ್ಚಳ ಹಾಕಿದರೆ ಸೊನ್ನೆ ಬರಬೇಕು. ಬೆಳಿಗ್ಗೆ 2 ಮಿಲಿವೋಲ್ಟ್ ಇರುತ್ತಿತ್ತು, ಸರಿ. ಸಂಜೆಗೆ 15. ರಾತ್ರಿಗೆ 40. ನನ್ನ ಸಿಗ್ನಲ್ಲೇ 10-20 ಇರುವಾಗ ಕತ್ತಲೆಯೇ 40 ತೋರಿಸಿದರೆ ಅಳೆಯುವುದು ಏನನ್ನು?

ಮೊದಲು ಬೈದದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನ ಅಂಗಡಿಯವರನ್ನು. ಅದಕ್ಕೆ ಕಾರಣವೂ ಇತ್ತು. 10 ಮೆಗಾಓಮ್ ಅಂತ ಕೊಟ್ಟ ಹತ್ತು ರೆಸಿಸ್ಟರುಗಳಲ್ಲಿ ನಾಲ್ಕು 1 ಮೆಗಾಓಮ್ ಇದ್ದವು. ಕಂದು-ಕಪ್ಪು-ನೀಲಿ ಪಟ್ಟಿಯದು ಕೇಳಿದರೆ ಕಂದು-ಕಪ್ಪು-ಹಸಿರು ಸೇರಿಸಿ ಕೊಟ್ಟಿದ್ದಾರೆ. ಆ ಅಂಗಡಿಯ ಹಳದಿ ಬಲ್ಬಿನಲ್ಲಿ ನೀಲಿಯೂ ಹಸಿರೂ ಒಂದೇ, ನಾನೂ ನೋಡದೆ ತಂದೆ. ಅದರ ಜೊತೆ ಲೇಬಲ್ಲೇ ಇಲ್ಲದ ಒಂದು ಪುಟ್ಟ ಡಬ್ಬಿ ಫ್ಲಕ್ಸ್, ಬೆಸುಗೆ ಚೆನ್ನಾಗಿ ಹಿಡಿಯಲು ಸವರುವ ಪದಾರ್ಥ. "ಇದನ್ನ ಒರೆಸೋದೇ ಬೇಡ ಸಾರ್, ನೋ ಕ್ಲೀನ್" ಅಂದಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ.

ಆಮೇಲಿನ ಎರಡು ವಾರ ಬೆಳಕಿನ ಬೇಟೆ. ಎಲ್ಲೋ ಸಂದಿಯಿಂದ ಟ್ಯೂಬ್‌ಲೈಟ್ ಬೆಳಕು ನುಗ್ಗುತ್ತಿದೆ ಅಂತ ನಂಬಿದ್ದೆ. ಸಂಜೆಗೆ ತಾನೇ ಲೈಟ್ ಹಾಕುವುದು, ಸಂಜೆಗೆ ತಾನೇ ಏರುವುದು! ಕಪ್ಪು ಟೇಪು ಸುತ್ತಿದೆ. ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್. ಅದರ ಮೇಲೆ ಕಪ್ಪು ಟೀಶರ್ಟ್. ಕೊನೆಗೆ ಇಡೀ ಡಬ್ಬಿಯನ್ನು ಗಾಡ್ರೇಜ್ ಬೀರುವಿನೊಳಗೆ ಇಟ್ಟು ವೈರು ಹೊರಗೆ ಎಳೆದೆ. 40 ಅಂದರೆ 40. ಟ್ಯೂಬ್‌ಲೈಟ್ ಬೆಳಕೇ ಆಗಿದ್ದರೆ ಆಸಿಲೋಸ್ಕೋಪಿನಲ್ಲಿ 100 ಹರ್ಟ್ಸ್ ಮಿಣುಕು ಕಾಣಬೇಕಿತ್ತು. ಕಾಣಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ, ಇನ್ನೊಂದು ಸುತ್ತು ಟೇಪು ಹಾಕಿದೆ.

ಹೀಗಿರುವಾಗ 17ನೇ ದಿನ ನಮ್ಮ ಸಂಸ್ಥೆಯಲ್ಲಿ "ಟ್ರಾನ್ಸ್‌ಫರಬಲ್ ಸ್ಕಿಲ್ಸ್" ಕಾರ್ಯಾಗಾರ. ಪಿಎಚ್‌ಡಿಯಲ್ಲಿ ಕಲಿತದ್ದನ್ನು ಲ್ಯಾಬಿನ ಹೊರಗೂ ಹೇಗೆ ಬಳಸುವುದು ಅನ್ನುವುದು ವಿಷಯ. ಬ್ರಿಟನ್ನಿನಲ್ಲಿ 2002ರ ರಾಬರ್ಟ್ಸ್ ವರದಿ ಇಂಥ ತರಬೇತಿಗೆ ವರ್ಷಕ್ಕೆ ಕನಿಷ್ಠ ಎರಡು ವಾರ ಕೊಡಿ ಅಂದಿತ್ತು. ನಮಗೆ ಸಿಕ್ಕಿದ್ದು ಒಂದು ಮಧ್ಯಾಹ್ನ, ಎರಡು ಸಮೋಸ. ಪರದೆಯ ಮೇಲೆ ಅಲ್ಲಿನ ವಿಟೇ ಸಂಸ್ಥೆ ಮಾಡಿದ, ಸಂಶೋಧಕರ ಕೌಶಲಗಳ ದುಂಡನೆಯ ಚಕ್ರ, ಅದರಲ್ಲಿ 63 ಬಾಬತ್ತು. ಒಂದು ಫಾರಂ ಕೊಟ್ಟು ನಿಮಗೆ ನೀವೇ ಅಂಕ ಹಾಕಿಕೊಳ್ಳಿ ಅಂದರು. "ಸಮಸ್ಯೆ ಬಿಡಿಸುವ ಸಾಮರ್ಥ್ಯ" ಎದುರಿಗೆ ನಾನು ಐದಕ್ಕೆ ಐದು ಹಾಕಿದೆ. ನಾಚಿಕೆಯೇ ಇಲ್ಲದೆ ಹಾಕಿದೆ.

ಮಾರನೆಯ ದಿನ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ತನ್ನ ಪ್ರೋಟೀನ್ ಸ್ಯಾಂಪಲ್‌ನ ಫ್ಲೋರೆಸೆನ್ಸ್ ಡೇಟಾ ತೋರಿಸಿದಳು. ಎಲ್ಲ ಚೆನ್ನಾಗಿತ್ತು, ಬ್ಲಾಂಕ್ ಮಾತ್ರ ಇರಲಿಲ್ಲ. ಅಂದರೆ ಪ್ರೋಟೀನ್ ಹಾಕದ ಬರೀ ಬಫರ್ ದ್ರಾವಣ ಅಳೆದಿರಲಿಲ್ಲ. ನಾನು ಸೀನಿಯರ್ ಅಲ್ವಾ, ಹತ್ತು ನಿಮಿಷ ಕೊರೆದೆ. "ಬ್ಲಾಂಕ್ ಇಲ್ಲದ ರೀಡಿಂಗು ರೀಡಿಂಗೇ ಅಲ್ಲ. ಇದು ಬಫರಿಂದ ಬಂದಿದ್ದಲ್ಲ ಅಂತ ನಿಂಗೆ ಹೇಗೆ ಗೊತ್ತು?" ಹೇಳಿ ಮುಗಿಸಿ ಕುರ್ಚಿಗೆ ಒರಗಿದೆ. ಒರಗಿದವನು ಎದ್ದು ಕೂತೆ.

18 ದಿನದಿಂದ ಮನೆಯಲ್ಲಿ ಬೆಳಕು ಬೆಳಕು ಅಂತ ಒದ್ದಾಡುತ್ತಿದ್ದೇನೆ. ಫೋಟೋಡಯೋಡ್ ಕಿತ್ತು ಒಮ್ಮೆಯಾದರೂ ನೋಡಿದೆನಾ? ಇಲ್ಲ. ಲ್ಯಾಬಿನಲ್ಲಿ ಐದು ವರ್ಷದಿಂದ ಬ್ಲಾಂಕ್ ಇಲ್ಲದೆ ಒಂದು ಕ್ಯೂವೆಟ್ (ಸ್ಯಾಂಪಲ್ ಹಾಕುವ ಪುಟ್ಟ ಗಾಜಿನ ಪಾತ್ರೆ) ಮುಟ್ಟಿದವನಲ್ಲ. ಮನೆಯಲ್ಲಿ ಕೈಗೆ ಸೋಲ್ಡರಿಂಗ್ ಐರನ್ ಬಂದದ್ದೇ ತಡ, ಅದೆಲ್ಲ ತಲೆಯಿಂದ ಮಾಯ. ಸ್ಕಿಲ್ಲಿಗೆ ಟ್ರಾನ್ಸ್‌ಫರ್ ಆರ್ಡರ್ ಆಗಿತ್ತು, ಡ್ಯೂಟಿಗೆ ಮಾತ್ರ ಹಾಜರಾಗಿರಲಿಲ್ಲ.

ಆ ರಾತ್ರಿಯೇ ಡಯೋಡ್ ಕಿತ್ತೆ. 37 ಮಿಲಿವೋಲ್ಟ್. ಕಣ್ಣೇ ಇಲ್ಲದ ಸರ್ಕ್ಯೂಟಿಗೆ ಬೆಳಕು ಕಾಣುತ್ತಿದೆ! ಮೂರು ರೋಲ್ ಟೇಪು ದಂಡ.

ಮುಂದಿನ ಅನುಮಾನ ಉಷ್ಣತೆ. ಐಸಿ ಬಿಸಿಯಾದರೆ ಇನ್‌ಪುಟ್ ಕರೆಂಟು ಏರುತ್ತದೆ, ಸರಿ. ಆದರೆ ನನ್ನದು ರಾತ್ರಿ ತಣ್ಣಗಾದಾಗ ಏರುತ್ತಿತ್ತು, ಉಲ್ಟಾ. ಐಸಿ ನಕಲಿ ಇರಬೇಕು ಅಂತ ಎರಡು ಬದಲಿಸಿದೆ. ಅದೇ ಕಥೆ. ಹೀಗೆ ಇನ್ನೊಂದು ವಾರ.

ಕೊನೆಗೆ ಕಾಪಾಡಿದ್ದು ಒಂದು ಕೆಟ್ಟ ಚಟ. ನಮ್ಮ ಲ್ಯಾಬಿನಲ್ಲಿ ನೋಟ್‌ಬುಕ್ಕಿನ ಪ್ರತಿ ಪುಟದ ತಲೆಯಲ್ಲಿ ಕೋಣೆಯ ಉಷ್ಣತೆ, ತೇವ ಎರಡನ್ನೂ ಬರೆಯಬೇಕು. ಮೇಡಂ ಹಾಕಿದ ನಿಯಮ. ಎಸಿ ಕೋಣೆಯಲ್ಲಿ ಅದು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುತ್ತದೆ, ಸುಮ್ನೆ ದಂಡ ಅಂತ ಗೊಣಗುತ್ತಲೇ ಬರೆಯುತ್ತಿದ್ದೆ. ಮನೆಯ ನೋಟ್‌ಬುಕ್ಕಿನಲ್ಲೂ, ಗೋಡೆ ಗಡಿಯಾರದ ಪುಟ್ಟ ಪರದೆ ನೋಡಿ, ಕೈ ತಾನಾಗಿ ಅದನ್ನು ಬರೆದಿತ್ತು. 26 ದಿನ. ನಾನು ಕೇಳದೆಯೇ.

ನಿನ್ನೆ ಊಟ ಮಾಡಿ, ಹೊರಗೆ ಜೋರು ಮಳೆ, ಬೇರೇನೂ ತೋಚದೆ ಆ ಅಂಕಿಗಳನ್ನು ಗ್ರಾಫ್ ಮಾಡಿದೆ. ಉಷ್ಣತೆಗೆ ಚುಕ್ಕಿಗಳು ಚೆಲ್ಲಾಪಿಲ್ಲಿ. ತೇವಕ್ಕೆ ಹಾಕಿದರೆ 60 ಪರ್ಸೆಂಟ್ ತನಕ ಚಪ್ಪಟೆ, ಆಮೇಲೆ ಸರ್ರನೆ ಮೇಲೆ. ಅಮ್ಮ ಮಳೆಗಾಲದಲ್ಲಿ ಹಪ್ಪಳದ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಯಾಕೆ ಬೈಯುತ್ತಿದ್ದರು ಅಂತ ಆಗ ಹೊಳೆಯಿತು. ಎದ್ದು ಹೋಗಿ ಊದಿದೆ.

ಆ "ನೋ ಕ್ಲೀನ್" ಫ್ಲಕ್ಸ್ ಬೋರ್ಡಿನ ಮೇಲೆ ತೆಳ್ಳಗೆ ಕೂತಿದೆ. ಗಾಳಿಯ ನೀರು ಕುಡಿದು ರಾತ್ರಿಯಾದರೆ ಅದೇ ಒಂದು ರೆಸಿಸ್ಟರ್ ಆಗುತ್ತದೆ. ಮೈನಸ್ 5 ವೋಲ್ಟಿನ ವೈರನ್ನು ನಾನು ಇನ್‌ಪುಟ್ ಪಿನ್ನಿನ ಪಕ್ಕದಲ್ಲೇ ಎಳೆದಿದ್ದೆ, ಅದು ನನ್ನದೇ ದಡ್ಡತನ. 40 ಮಿಲಿವೋಲ್ಟ್ ಅಂದರೆ 4 ನ್ಯಾನೋಆಂಪ್ ಸೋರಿಕೆ. ಲೆಕ್ಕ ಹಾಕಿದರೆ ನಡುವೆ 1.25 ಗಿಗಾಓಮ್. ಬೇರೆ ಯಾವ ಸರ್ಕ್ಯೂಟಿನಲ್ಲಾದರೂ ಅದನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಾಕಿ ಬಟ್ಟೆಯಲ್ಲಿ ಒರೆಸಿದೆ. 60 ಮಿಲಿವೋಲ್ಟಿಗೆ ಏರಿತು! ಹೀಗೆ ಒರೆಸಿದರೆ ಫ್ಲಕ್ಸ್ ಹೋಗುವುದಿಲ್ಲ, ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಹರಡಿಕೊಳ್ಳುತ್ತದೆ. ಹಳೆ ಟೂತ್‌ಬ್ರಷ್ಷು, ಧಾರಾಳ ಐಪಿಎ, ಮೂರು ಸಲ ಉಜ್ಜಿ ಸುರಿದೆ. ಆಮೇಲೆ ಡಿಸ್ಟಿಲ್ಡ್ ವಾಟರ್, ಆಮೇಲೆ ರೂಮ್‌ಮೇಟ್‌ನ ಹೇರ್ ಡ್ರೈಯರ್ (ಅವನಿಗೆ ಗೊತ್ತಿಲ್ಲ). ಇನ್‌ಪುಟ್ ಪಿನ್ 2 ಅನ್ನು ಬೋರ್ಡಿಗೆ ತಾಗದಂತೆ ಬಗ್ಗಿಸಿ ಮೇಲೆತ್ತಿದೆ. ಡಯೋಡ್, ರೆಸಿಸ್ಟರ್, ಕೆಪಾಸಿಟರ್ ಮೂರನ್ನೂ ಗಾಳಿಯಲ್ಲೇ ಬೆಸೆದೆ. ನೋಡಲು ಕಾಗೆ ಗೂಡು. ರಾತ್ರಿಯಿಡೀ ಮಳೆ, ತೇವ 88, ಬೆಳಿಗ್ಗೆ ನೋಡಿದರೆ ಕತ್ತಲೆ ರೀಡಿಂಗು 1.1 ಮಿಲಿವೋಲ್ಟ್. ಊದಿದೆ. ಅಲುಗಲಿಲ್ಲ.

ಕಾರ್ಯಾಗಾರದ ಫಾರಂ ಬ್ಯಾಗಿನಲ್ಲೇ ಇತ್ತು. ಐದನ್ನು ಹೊಡೆದು ಮೂರು ಮಾಡಿದೆ. ಪಕ್ಕದ ಖಾಲಿ ಜಾಗದಲ್ಲಿ "ಬ್ಲಾಂಕ್ ನೋಡಲು 18 ದಿನ, ಗ್ರಾಫ್ ಹಾಕಲು 26" ಅಂತ ಬರೆದೆ. ಸಂದರ್ಶನದಲ್ಲಿ ಯಾರಾದರೂ ಕೇಳಿದರೆ "ನಾನು ಒಳ್ಳೆ ಪ್ರಾಬ್ಲಂ ಸಾಲ್ವರ್" ಅನ್ನುವುದಕ್ಕಿಂತ ಈ ಕಥೆಯನ್ನೇ ಹೇಳುವುದು ಲೇಸು. ಇದಕ್ಕಾದರೆ ಸಾಕ್ಷಿಗೆ ನೋಟ್‌ಬುಕ್ ಇದೆ. ಹೊಸ ಹುಡುಗಿಗೂ ಹೇಳಿದೆ. ತುಂಬಾ ಹೊತ್ತು ನಕ್ಕಳು, ಸ್ವಲ್ಪ ಜಾಸ್ತಿಯೇ.

ಅಂದಹಾಗೆ, ಮುಂದಿನ ಪ್ರಾಜೆಕ್ಟು 1420 ಮೆಗಾಹರ್ಟ್ಸ್. ಹೌದು, ಆಕಾಶದ ಹೈಡ್ರೋಜನ್ ಹೊರಸೂಸುವ 21 ಸೆಂಟಿಮೀಟರ್ ರೇಡಿಯೋ ಗೆರೆ. ಎಣ್ಣೆ ಡಬ್ಬದ ತಗಡಿನಲ್ಲಿ ಹಾರ್ನ್ ಆಂಟೆನಾ, ಜೊತೆಗೊಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ರಿಸೀವರ್. ಗೌರಿಬಿದನೂರಿನ ರೇಡಿಯೋ ಟೆಲಿಸ್ಕೋಪಿನಲ್ಲಿ 34.5 ಮೆಗಾಹರ್ಟ್ಸಿಗೆ ಸಾವಿರ ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ ಟಿ ಆಕಾರದಲ್ಲಿ ಹೊಲದ ತುಂಬ ನಿಲ್ಲಿಸಿದ್ದರಲ್ಲ, ಅದನ್ನು ನೋಡಿ ಬಂದ ದಿನದಿಂದ ತಲೆಯಲ್ಲಿ ಕೂತಿದೆ. ನನ್ನ ತಾರಸಿಗೆ ಒಂದು ಹಾರ್ನ್ ಸಾಕು. ಇದಕ್ಕೆ ಮೊದಲನೇ ದಿನವೇ ಬ್ಲಾಂಕ್ ತೆಗೆಯುತ್ತೇನೆ: ಹಾರ್ನನ್ನು ನೆಲದ ಕಡೆ ತಿರುಗಿಸಿ ಒಂದು ರೀಡಿಂಗು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆಗಲೇ ಬರೆದಾಗಿದೆ.

ಅದಕ್ಕೆ ಮೊದಲು ಇದು ಮುಗಿಯಬೇಕು. ಪಾಲಕ್ ಸೊಪ್ಪನ್ನು ಅಸಿಟೋನಿನಲ್ಲಿ ಅರೆದು ಕ್ಯಾಲಿಬ್ರೇಶನ್ನಿಗೆ ಐದು ಬಾಟಲಿ ಮಾಡಿಟ್ಟಿದ್ದೇನೆ. ಸ್ಯಾಂಕಿ ಕೆರೆಯ ನೀರು ಎರಡು ದಿನದಿಂದ ಫ್ರಿಜ್ಜಿನಲ್ಲಿದೆ, ಬಿಸ್ಲೇರಿ ಬಾಟಲಿಯಲ್ಲಿ. ಮೇಲೆ "ಕುಡಿಯಬೇಡಿ" ಅಂತ ಚೀಟಿ ಅಂಟಿಸಿದ್ದೆ. ಈಗ ನೋಡಿದರೆ ಚೀಟಿ ತೇವಕ್ಕೆ ಬಿಚ್ಚಿ ಬಿದ್ದಿದೆ, ಬಾಟಲಿಯಲ್ಲಿ ಎರಡು ಬೆರಳಷ್ಟು ನೀರು ಕಮ್ಮಿ. ರೂಮ್‌ಮೇಟ್ ಇನ್ನೂ ಮಲಗಿದ್ದಾನೆ. ಎದ್ದ ಮೇಲೆ ವಿಚಾರಿಸಬೇಕು.