‘ಸಂಬಂಧ’ ಎಂಬ ಕಾಲಂ

ಇಂದು ಬೆಳಿಗ್ಗೆ ಬ್ಯಾಂಕಿನಲ್ಲಿ ನಾಮಿನಿ ಅರ್ಜಿ ತುಂಬುವಾಗ ‘ಸಂಬಂಧ’ ಎಂಬ ಕಾಲಂನಲ್ಲಿ ‘ಪತ್ನಿ’ ಎಂದು ಬರೆಯಲು ನನಗೆ ಎರಡು ಸೆಕೆಂಡು ಸಾಕಾಯಿತು. ಹನ್ನೆರಡು ವರ್ಷಗಳಿಂದ ಒಂದೇ ಸೂರಿನಡಿ ಸಂಸಾರ ನಡೆಸುತ್ತಿರುವ ನನ್ನ ಇಬ್ಬರು ಗೆಳೆಯರು ಅದೇ ಜಾಗದಲ್ಲಿ ‘ಸ್ನೇಹಿತ’ ಎಂದು ಬರೆದು ಬಂದಿದ್ದರು.

ಸಲಿಂಗಿಗಳ ಮದುವೆಗೆ ಮಾನ್ಯತೆ ಕೋರಿದ ಪ್ರಕರಣದಲ್ಲಿ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಮದುವೆಯಾಗುವುದು ಮೂಲಭೂತ ಹಕ್ಕಲ್ಲವೆಂದು ಒಮ್ಮತದಿಂದಲೇ ಹೇಳಿತು. ಒಡಕು ಮೂಡಿದ್ದು ಮದುವೆಗಿಂತ ಒಂದು ಮೆಟ್ಟಿಲು ಕೆಳಗಿರುವ, ಜೋಡಿಯ ಸಂಬಂಧಕ್ಕೆ ಕಾನೂನಿನ ಮಾನ್ಯತೆ ಕೊಡುವ ಸಿವಿಲ್ ಯೂನಿಯನ್ ವಿಷಯದಲ್ಲಿ: ಅಂದಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾ. ಕೌಲ್ ಅಂತಹ ಮಾನ್ಯತೆಯ ಪರವಾಗಿದ್ದರೆ, ನ್ಯಾ. ರವೀಂದ್ರ ಭಟ್, ಹಿಮಾ ಕೊಹ್ಲಿ ಮತ್ತು ನರಸಿಂಹ ಅದನ್ನು ಒಪ್ಪಲಿಲ್ಲ.

‘ಸವಲತ್ತು ಸಿಕ್ಕರೆ ಸಾಕು, ಮದುವೆ ಎಂಬ ಹೆಸರಿನ ಗೊಡವೆ ಯಾಕೆ’ ಎಂದು ನಾನೂ ಒಂದು ಕಾಲಕ್ಕೆ ವಾದಿಸಿದವನೇ. (ಮದುವೆಯಾದವರಿಗೆ ಹೀಗೆ ವಾದಿಸುವುದು ಸುಲಭ.) ಫ್ರಾನ್ಸಿನಲ್ಲಿ 1999ರಲ್ಲಿ ಬಂದ, ಮದುವೆಯಾಗದೆಯೇ ಜೋಡಿಯಾಗಿ ನೋಂದಾಯಿಸಿಕೊಳ್ಳುವ ‘ಪಾಕ್ಸ್’ ಎಂಬ ಒಪ್ಪಂದವು, 2013ರಲ್ಲಿ ಸಲಿಂಗಿಗಳಿಗೆ ಮದುವೆಯ ಹಕ್ಕು ದೊರೆತ ಮೇಲೂ ಉಳಿದಿದ್ದು, ಈಗ ಅದನ್ನು ಆರಿಸಿಕೊಳ್ಳುವವರಲ್ಲಿ ಗಂಡು-ಹೆಣ್ಣಿನ ಜೋಡಿಗಳೇ ಹೆಚ್ಚು. ಎರಡೂ ಬಾಗಿಲು ತೆರೆದಿರುವಾಗ ಚಿಕ್ಕದನ್ನು ಆರಿಸಿಕೊಳ್ಳುವುದು ಬೇರೆ, ಅದೊಂದೇ ನಿಮ್ಮದೆಂದು ಹೇಳಿಸಿಕೊಳ್ಳುವುದು ಬೇರೆ.

ನಮ್ಮಲ್ಲಿ ಆ ಚಿಕ್ಕ ಬಾಗಿಲೂ ಇಲ್ಲ. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಆದರೆ ನಾಮಿನಿಯಾದ ಮಾತ್ರಕ್ಕೆ ವಾರಸುದಾರನಾಗುವುದಿಲ್ಲ. ಉಯಿಲು ಇಲ್ಲದಿದ್ದರೆ ಆ ಹಣ ಮಾತು ಬಿಟ್ಟ ಅಣ್ಣತಮ್ಮಂದಿರಿಗೂ ಹೋಗಬಹುದು. ಗೆಳೆಯರಿಬ್ಬರೂ ಕಳೆದ ತಿಂಗಳು ಉಯಿಲು ಬರೆಸಿದರು. ಸಾಕ್ಷಿಯಾಗಿ ಸಹಿ ಹಾಕಿದವನು ನಾನು.